ಇಟಲಿಗೆ ಬಂದ 8 ದಿನದೊಳಗೆ ಪೊಲೀಸರ ಹತ್ತಿರ ಹೆಸರು ಬರೆಸಬೇಕಂತೆ, ನಿಜಾನಾ?

ಹೊಸಬ ತೊರಿನೊ:
ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಓದಲು ಈಗಷ್ಟೇ ತೊರಿನೊಗೆ ಬಂದಿದ್ದೇನೆ. ಸ್ಟೂಡೆಂಟ್ ವೀಸಾ, ಡಿ ಟೈಪ್, ಅಂದರೆ ದೊಡ್ಡ ಅವಧಿಯದ್ದು. ಇಮಿಗ್ರೇಶನ್ ಫ್ರಾಂಕ್‌ಫರ್ಟಿನಲ್ಲೇ ಮುಗಿಯಿತು, ಅಲ್ಲಿಂದ ಇಲ್ಲಿಗೆ ಬಂದಿಳಿದಾಗ ಯಾರೂ ಏನೂ ಕೇಳಲಿಲ್ಲ, ಬ್ಯಾಗ್ ತಗೊಂಡು ಸೀದಾ ಹೊರಗೆ ಬಂದೆ. ಈಗ ಇಲ್ಲಿ ಒಬ್ಬ "8 ದಿನದೊಳಗೆ ಪೊಲೀಸರ ಹತ್ತಿರ ಹೋಗಿಲ್ಲ ಅಂದರೆ ವಾಪಸ್ ಕಳಿಸುತ್ತಾರೆ" ಅಂತ ಹೆದರಿಸುತ್ತಿದ್ದಾನೆ. ಇನ್ನೊಬ್ಬ "ಅದು ಅಂಚೆ ಕಚೇರಿ ಕೆಲಸ, ಪೊಲೀಸರಿಗೂ ಅದಕ್ಕೂ ಸಂಬಂಧ ಇಲ್ಲ" ಎನ್ನುತ್ತಾನೆ. ಮತ್ತೊಬ್ಬನ ಪ್ರಕಾರ ಅದೆಲ್ಲ ಮನೆ ಓನರ್ ಮಾಡಬೇಕಾದ್ದು, ನಾವು ಸುಮ್ನೆ ಇರಬಹುದು. ಪಾಸ್‌ಪೋರ್ಟ್ ವೆರಿಫಿಕೇಶನ್‌ಗೆ ಬಿಟ್ಟರೆ ನಾನು ಠಾಣೆ ಮೆಟ್ಟಿಲು ಹತ್ತಿದವನಲ್ಲ. ಇಟಾಲಿಯನ್ ಕೂಡ ಬರುವುದಿಲ್ಲ. ಯಾರ ಮಾತು ಕೇಳಲಿ?

ಪೋ ನದಿ:
ಮೂವರೂ ಅರ್ಧರ್ಧ ಸರಿ ಹೇಳಿದ್ದಾರೆ. ಅದಕ್ಕೇ ಇಷ್ಟು ಗೊಂದಲ.

ಇಲ್ಲಿ ಪೊಲೀಸರಿಗೆ ಸಂಬಂಧಿಸಿದ ಕಾಗದ ಒಂದಲ್ಲ, ಎರಡು. ಒಂದು ನಿಮ್ಮದು, ಇನ್ನೊಂದು ನಿಮಗೆ ಜಾಗ ಕೊಟ್ಟವರದ್ದು. ನಿಮ್ಮದು ಪೆರ್ಮೆಸ್ಸೊ ದಿ ಸೊಜ್ಜೊರ್ನೊ, ಅಂದರೆ ಇಲ್ಲಿ ಇರಲು ಪರವಾನಗಿ. ಅದನ್ನು ಕೊಡುವುದು ಕ್ವೆಸ್ತೂರ, ಜಿಲ್ಲೆಯ ಪೊಲೀಸ್ ಕೇಂದ್ರ ಕಚೇರಿ ಅಂದುಕೊಳ್ಳಿ. ಆದರೆ ವಿದ್ಯಾರ್ಥಿಗಳು ಅರ್ಜಿ ಹಾಕುವುದು ಅಂಚೆ ಕಚೇರಿಯಲ್ಲಿ. 2006ರ ಕೊನೆಯಿಂದ ಹೀಗೆ ಮಾಡಿದ್ದಾರೆ. ಅದಕ್ಕೆ ಮುಂಚೆ ಕ್ವೆಸ್ತೂರ ಮುಂದೆ ರಾತ್ರಿಯಿಂದಲೇ ಕ್ಯೂ ನಿಲ್ಲುತ್ತಿದ್ದರು. ಮನೆಯವರದ್ದು ಬೇರೆ ಕಾಗದ, ಅದನ್ನು ಕೆಳಗೆ ಹೇಳುತ್ತೇನೆ.

8 ದಿನ ಅನ್ನುವುದು ನಿಜ. 1998ರ ವಲಸೆ ಕಾನೂನಿನ 5ನೇ ಕಲಮಿನಲ್ಲೇ ಇದೆ. ಆದರೆ ಅದು 8 ಕೆಲಸದ ದಿನ. ಭಾನುವಾರ, ಸರ್ಕಾರಿ ರಜೆ ಲೆಕ್ಕಕ್ಕಿಲ್ಲ. ಶನಿವಾರ ಸೇರುತ್ತದಾ ಇಲ್ಲವಾ ಅಂತ ವಾದಕ್ಕೆ ಕೂರಬೇಡಿ, ಸೇರಿಸಿಯೇ ಎಣಿಸಿ, ಆಗ ತಲೆಬಿಸಿ ಇಲ್ಲ. ಆ ಅವಧಿಯಲ್ಲಿ ಕಾರ್ಡ್ ಕೈಗೆ ಬರಬೇಕು ಅಂತೇನಿಲ್ಲ, ಅರ್ಜಿ ಹೋಗಿರಬೇಕು ಅಷ್ಟೇ. ಅಂಚೆಯವರು ಕೊಡುವ ರಸೀದಿಯಲ್ಲಿರುವ ತಾರೀಖೇ ನಿಮ್ಮ ಸಾಕ್ಷಿ.

ಈಗ ಮಾಡಬೇಕಾದ್ದು. "ಸ್ಪೊರ್ತೆಲ್ಲೊ ಅಮೀಕೊ" ಅಂತ ಬೋರ್ಡ್ ಇರುವ ಅಂಚೆ ಕಚೇರಿ ಹುಡುಕಿ, ಎಲ್ಲ ಅಂಚೆ ಕಚೇರಿಯಲ್ಲೂ ಇದು ಇರುವುದಿಲ್ಲ. ಅಲ್ಲಿ "ಕಿಟ್ ಪೆರ್ಮೆಸ್ಸೊ ದಿ ಸೊಜ್ಜೊರ್ನೊ" ಅಂತ ಕೇಳಿ. ಹಳದಿ ಪಟ್ಟಿ ಇರುವ ದೊಡ್ಡ ಲಕೋಟೆ ಕೊಡುತ್ತಾರೆ, ಪುಕ್ಕಟೆ. ಇದಕ್ಕೆ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಒಳಗೆ ಎರಡು ಮೊದುಲೊ, ಅಂದರೆ ಫಾರಂ ಇರುತ್ತವೆ. ಸ್ಟೂಡೆಂಟ್‌ಗಳಿಗೆ ಸಾಮಾನ್ಯವಾಗಿ ಮೊದಲನೆಯದು ಸಾಕು, ಎರಡನೆಯದು ಸಂಬಳ-ಆದಾಯ ತೋರಿಸಬೇಕಾದವರಿಗೆ. ಕಪ್ಪು ಪೆನ್ನಿನಲ್ಲಿ ದೊಡ್ಡಕ್ಷರದಲ್ಲಿ ತುಂಬಿಸಿ, ಒಂದು ಚೌಕಕ್ಕೆ ಒಂದೇ ಅಕ್ಷರ.

ಜೊತೆಗೆ ಪಾಸ್‌ಪೋರ್ಟ್ ಜೆರಾಕ್ಸ್, ವೀಸಾ ಮತ್ತು ಮುದ್ರೆ ಬಿದ್ದ ಪುಟಗಳೂ ಸೇರಿ. ಯೂನಿವರ್ಸಿಟಿಯ ದಾಖಲಾತಿ ಪತ್ರ, ವೀಸಾಗೆ ಕೊಟ್ಟಿದ್ದ ಕಾಗದಗಳ ಪ್ರತಿ, ಹೆಲ್ತ್ ಇನ್ಶೂರೆನ್ಸ್, ಖರ್ಚಿಗೆ ಹಣ ಇದೆ ಅನ್ನುವುದಕ್ಕೆ ದಾಖಲೆ, ಇರುವ ಜಾಗದ ವಿವರ. ಲಕೋಟೆ ಅಂಟಿಸಬೇಡಿ. ತೆರೆದೇ ಕೊಡಬೇಕು, ಕೌಂಟರ್‌ನವರು ಒಳಗಿರುವುದನ್ನು ನೋಡುತ್ತಾರೆ. ಒರಿಜಿನಲ್ ಪಾಸ್‌ಪೋರ್ಟ್ ಕೈಯಲ್ಲಿರಲಿ.

ಕರಾವಳಿ ಹುಡುಗಿ:
ದುಡ್ಡಿನ ಲೆಕ್ಕ ಹೇಳದೆ ಬಿಟ್ಟಿರಲ್ಲ ಮಾರಾಯ್ರೆ, ಎಲ್ಲರಿಗೂ ಮೊದಲು ಬೇಕಾದ್ದೇ ಅದು.

16 ಯೂರೋದ ಮಾರ್ಕ ದ ಬೊಲ್ಲೊ. ನಮ್ಮ ರೆವೆನ್ಯೂ ಸ್ಟಾಂಪಿನ ಹಾಗೆ ಒಂದು ಸ್ಟಿಕ್ಕರ್, ಅಂಚೆ ಕಚೇರಿಯಲ್ಲಿ ಅಲ್ಲ, ಹೊರಗೆ ದೊಡ್ಡ "ಟಿ" ಬೋರ್ಡ್ ಇರುವ ಸಿಗರೇಟ್ ಅಂಗಡಿಯಲ್ಲಿ ಸಿಗುತ್ತದೆ. ಮೊದಲೇ ತಗೊಂಡು ಹೋಗಿ, ಇಲ್ಲದಿದ್ದರೆ ನಿಮ್ಮ ಸರದಿ ಬಂದಾಗ ಅಂಗಡಿಗೆ ಓಡಬೇಕಾಗುತ್ತದೆ. ಆಮೇಲೆ ಬೊಲ್ಲೆತ್ತೀನೊ, ಅಂದರೆ ಚಲನ್. 1 ವರ್ಷದವರೆಗಿನ ಪರವಾನಗಿಗೆ 40 ಯೂರೋ, ಮೇಲೆ ಕಾರ್ಡ್ ಖರ್ಚು 30.46. ಒಟ್ಟು 70.46 ಕಟ್ಟಬೇಕು. ಅರ್ಜಿ ಕಳಿಸಲು ಅಂಚೆಯವರಿಗೆ 30. ಎಲ್ಲ ಸೇರಿ 116.46. 1 ವರ್ಷಕ್ಕಿಂತ ಜಾಸ್ತಿ, 2 ವರ್ಷದವರೆಗಿನದ್ದಾದರೆ 40ರ ಜಾಗದಲ್ಲಿ 50 ಹಾಕಿಕೊಳ್ಳಿ.

ಜಾಸ್ತಿ ಅನಿಸುತ್ತದೆ ಅಲ್ವಾ? ಮುಂಚೆ ಇನ್ನೂ ದುಬಾರಿ ಇತ್ತು. 2012ರಿಂದ ಆ 40ರ ಜಾಗದಲ್ಲಿ 80 ಇತ್ತು, ದೊಡ್ಡ ಅವಧಿಯದ್ದಕ್ಕೆ 100, ಖಾಯಂ ಥರದ್ದಕ್ಕೆ 200. ಕಾರ್ಮಿಕ ಸಂಘ ಸಿಜಿಐಎಲ್ ಮತ್ತು ಅದರ ಸಹಾಯ ಕಚೇರಿ ಇಂಕಾ ಕೋರ್ಟಿಗೆ ಹೋದವು. 2015ರಲ್ಲಿ ಯುರೋಪಿಯನ್ ಕೋರ್ಟು ಇದು ವಿಪರೀತ ಅಂತ ಹೇಳಿತು, 2017ರಲ್ಲಿ ಸರ್ಕಾರ ಅರ್ಧಕ್ಕೆ ಇಳಿಸಿತು. ನಾವು ಇವತ್ತು 40 ಕಟ್ಟುತ್ತಿರುವುದು ಅವರ ಪುಣ್ಯ.

ಹೊಸಬ ತೊರಿನೊ:
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಒಂದು ಸಣ್ಣ ಡೌಟು. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇದೆ. ಹೆಸರು, ಅಪ್ಪನ ಹೆಸರು ಎರಡೂ ಗಿವನ್ ನೇಮ್ ಸಾಲಿನಲ್ಲೇ ಇವೆ. ಫಾರಂನಲ್ಲಿ ಕೊನ್ಯೋಮೆ (ಸರ್‌ನೇಮ್) ಒಂದು ಕಡೆ, ನೋಮೆ (ಹೆಸರು) ಒಂದು ಕಡೆ ಬರೆಯಿರಿ ಅಂತಿದೆ. ಏನು ಮಾಡಲಿ?

ಪಾದೊವ ಪಿಎಚ್‌ಡಿ:
ಹಾ, ನಮ್ಮವರ ಖಾಯಂ ಕಾಯಿಲೆ ಇದು. ಉತ್ತರದವರಿಗೆ ಶರ್ಮಾ, ಸಿಂಗ್ ಅಂತ ಒಂದು ಬಾಲ ಇರುತ್ತದೆ. ನಮಗೆ ಇನಿಶಿಯಲ್, ಊರ ಹೆಸರು, ಅಪ್ಪನ ಹೆಸರು ಎಲ್ಲ ಕಲಸಿ ಒಂದೇ ಸಾಲು. ಇಲ್ಲಿನವರಿಗೆ ಕೊನ್ಯೋಮೆ ಇಲ್ಲದ ಮನುಷ್ಯ ಇರಬಹುದು ಅಂತಲೇ ತಲೆಗೆ ಹೋಗುವುದಿಲ್ಲ.

ನಿಮ್ಮ ಸ್ವಂತ ಐಡಿಯಾ ಓಡಿಸಬೇಡಿ. ವೀಸಾ ಸ್ಟಿಕ್ಕರಿನಲ್ಲಿ ಹೆಸರು ಹೇಗೆ ಒಡೆದಿದ್ದಾರೋ ನೋಡಿ. ನಿಮ್ಮ ಕೊದಿಚೆ ಫಿಸ್ಕಾಲೆಯಲ್ಲಿ, ಅಂದರೆ ಇಲ್ಲಿನ ತೆರಿಗೆ ನಂಬರಿನಲ್ಲಿ, ಹೇಗಿದೆ ನೋಡಿ. ಎರಡೂ ಒಂದೇ ಥರ ಇದ್ದರೆ ಕಿಟ್‌ನಲ್ಲೂ ಹಾಗೇ ಬರೆಯಿರಿ. ಬೇರೆ ಬೇರೆ ಇದ್ದರೆ ಮೊದಲು ತೆರಿಗೆ ಇಲಾಖೆಯ ಅಜೆಂತ್ಸಿಯ ದೆಲ್ಲೆ ಎಂತ್ರಾತೆಗೆ ಹೋಗಿ ಕೊದಿಚೆ ಸರಿಮಾಡಿಸಿ, ಅದಕ್ಕೆ ದುಡ್ಡಿಲ್ಲ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ ಆ ಕೊದಿಚೆ ಸುಮ್ನೆ ಕೊಟ್ಟ ನಂಬರ್ ಅಲ್ಲ. 16 ಅಕ್ಷರ-ಅಂಕಿ. ಮೊದಲ ಮೂರು ಕೊನ್ಯೋಮೆಯಿಂದ, ಮುಂದಿನ ಮೂರು ನೋಮೆಯಿಂದ. ಆಮೇಲೆ ಹುಟ್ಟಿದ ವರ್ಷದ ಎರಡು ಅಂಕಿ, ತಿಂಗಳಿಗೆ ಒಂದು ಅಕ್ಷರ, ತಾರೀಖು. ಹೆಂಗಸರಾದರೆ ತಾರೀಖಿಗೆ 40 ಸೇರಿಸುತ್ತಾರೆ, ಅಂದರೆ 5ನೇ ತಾರೀಖು ಹುಟ್ಟಿದವಳಿಗೆ 45. ಮುಂದೆ ಹುಟ್ಟಿದ ಜಾಗ, ಭಾರತದಲ್ಲಿ ಹುಟ್ಟಿದ ನಮಗೆಲ್ಲ ಝಡ್222. ಕೊನೆಗೆ ಒಂದು ತಾಳೆ ನೋಡುವ ಅಕ್ಷರ. ಹೆಸರು ಒಡೆದ ರೀತಿ ಬದಲಾದರೆ ಮೊದಲ ಆರು ಅಕ್ಷರವೇ ಬದಲಾಗುತ್ತವೆ, ಆಗ ಕಂಪ್ಯೂಟರಿನ ಕಣ್ಣಿಗೆ ನೀವು ಇಬ್ಬರು ಮನುಷ್ಯರು. ಬ್ಯಾಂಕು, ಯೂನಿವರ್ಸಿಟಿ, ಸಿಮ್ ಕಾರ್ಡು ಎಲ್ಲದಕ್ಕೂ ಇದೇ ನಂಬರ್ ಕೇಳುತ್ತಾರೆ. ಆಮೇಲೆ ತಿದ್ದಿಸಲು ಅಲೆಯುವುದಕ್ಕಿಂತ ಈಗಲೇ ಎರಡು ಸಲ ನೋಡಿಕೊಳ್ಳುವುದು ವಾಸಿ.

ಸುಮ್ನೆ ಓದುಗ:
ಇದೆಲ್ಲ ಅತಿಯಾಯಿತು ಅನಿಸುತ್ತಿಲ್ಲವಾ ಯಾರಿಗೂ? ವೀಸಾ ಕೊಡುವಾಗಲೇ ಎಲ್ಲ ನೋಡಿರುತ್ತಾರೆ, ಮತ್ತೆ ಇಲ್ಲಿ ಬಂದು ಪೊಲೀಸರಿಗೆ ಬೆರಳಚ್ಚು ಕೊಡಬೇಕು. ಓದಲು ಬಂದವನನ್ನೂ ಕಳ್ಳನ ಥರ ನೋಡುತ್ತಾರೆ. ಬ್ರಿಟನ್‌ನಲ್ಲಿ ಇದನ್ನೆಲ್ಲ ತೆಗೆದುಹಾಕಿದ್ದಾರಂತೆ.

ಪೋ ನದಿ:
ಬ್ರಿಟನ್‌ನದು ಬೇರೆ ಕಥೆ. ಅಲ್ಲಿ ಕೆಲವು ದೇಶದವರು ಮಾತ್ರ ಬಂದ 7 ದಿನದೊಳಗೆ ಪೊಲೀಸರ ಹತ್ತಿರ ಹೆಸರು ಬರೆಸಿ 34 ಪೌಂಡ್ ಕಟ್ಟಬೇಕಿತ್ತು. ಆ ಪಟ್ಟಿಯಲ್ಲಿ ಭಾರತ ಇರಲಿಲ್ಲ, ಹಾಗಾಗಿ ನಮ್ಮವರಿಗೆ ಅದು ಗೊತ್ತೇ ಆಗಲಿಲ್ಲ. 2022ರ ಆಗಸ್ಟ್‌ನಲ್ಲಿ ನಿಲ್ಲಿಸಿದರು, ಅದೂ ನಿಜ. ಆದರೆ ಬೆರಳಚ್ಚು ಅಲ್ಲೂ ಕೊಡುತ್ತೇವೆ, ವೀಸಾ ಸೆಂಟರಿನಲ್ಲೇ ಮುಗಿಯುತ್ತದೆ ಅಷ್ಟೇ.

ಅಷ್ಟೇ ಅಲ್ಲ, ನಮ್ಮಲ್ಲಿಗೆ ಬರುವ ವಿದೇಶಿಯರನ್ನು ಕೇಳಿ ನೋಡಿ. ದೊಡ್ಡ ಅವಧಿಯ ವೀಸಾದವರು ಎಫ್‌ಆರ್‌ಆರ್‌ಒ ಅನ್ನುವ ವಿದೇಶಿಯರ ನೋಂದಣಿ ಕಚೇರಿಯಲ್ಲಿ 14 ದಿನದೊಳಗೆ ಹೆಸರು ಬರೆಸಬೇಕು. ಅವರನ್ನು ಮನೆಯಲ್ಲಿ ಇಟ್ಟುಕೊಂಡವರು 24 ಗಂಟೆಯೊಳಗೆ ಆ ಕಚೇರಿಗೆ ತಿಳಿಸಬೇಕು. ನಾವು ಅಲ್ಲಿ ಓನರ್ ಕಡೆ ಇರುತ್ತೇವೆ, ಅದಕ್ಕೆ ಬಿಸಿ ತಟ್ಟಿರುವುದಿಲ್ಲ.

ಕಳ್ಳನ ಥರ ನೋಡುತ್ತಾರೆ ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ಕೆಲವರು ಸಿಡುಕುತ್ತಾರೆ, ಆ ಮಾತು ಬೇರೆ. ಕೌಂಟರಿನಲ್ಲಿ ಕೂತು ದಿನವಿಡೀ ಹತ್ತು ಭಾಷೆಯವರ ಜೊತೆ ಒದ್ದಾಡುವವರು, ನಗುತ್ತಾ ಮಾತಾಡಲಿ ಅಂತ ನಾನಂತೂ ಕಾಯುವುದಿಲ್ಲ. ನಿಜವಾದ ತೊಂದರೆ ಇರುವುದು ಕಾಯುವುದರಲ್ಲಿ. ಕೆಲವು ಕಡೆ ಬೆರಳಚ್ಚಿನ ದಿನವೇ ತಿಂಗಳುಗಟ್ಟಲೆ ಆಚೆ ಕೊಡುತ್ತಾರೆ, ಕಾರ್ಡ್ ಬರುವಷ್ಟರಲ್ಲಿ ಅದರ ಅವಧಿ ಅರ್ಧ ಮುಗಿದಿರುತ್ತದೆ. ಕೋಪ ಮಾಡಿಕೊಳ್ಳುವುದಿದ್ದರೆ ಅದಕ್ಕೆ ಮಾಡಿಕೊಳ್ಳಿ. 8 ದಿನದ ಗಡುವು ನಮಗೆ, ಅವರಿಗೆ ಕೇಳುವವರೇ ಇಲ್ಲ.

ಮಿಲಾನ್ ಐಟಿ:
ಇಲ್ಲೊಂದು ಸೇರಿಸುತ್ತೇನೆ, ಓದಲು ಅಲ್ಲದೆ ಕೆಲಸಕ್ಕೆ ಬರುವವರೂ ಇದನ್ನು ಓದುತ್ತಿರಬಹುದು. ನಮ್ಮ ದಾರಿ ಸ್ವಲ್ಪ ಬೇರೆ. ನುಲ್ಲ ಓಸ್ತ, ಅಂದರೆ ಕೆಲಸಕ್ಕೆ ಮೊದಲೇ ಸಿಗುವ ಅನುಮತಿ ಪತ್ರ, ಅದರ ಮೇಲೆ ಬಂದವರು ಸೀದಾ ಅಂಚೆ ಕಚೇರಿಗೆ ಹೋಗುವುದಲ್ಲ, ಮೊದಲು ಪ್ರೆಫೆತ್ತೂರದ (ಜಿಲ್ಲೆಯ ಸರ್ಕಾರಿ ಕಚೇರಿ) ಸ್ಪೊರ್ತೆಲ್ಲೊ ಊನಿಕೊ ಅನ್ನುವ ವಲಸೆ ಕೌಂಟರ್. ಅಲ್ಲಿನ ಕೆಲಸ ಮುಗಿದ ಮೇಲೆ ಕಿಟ್. ಅದನ್ನು ಸಾಮಾನ್ಯವಾಗಿ ಕಂಪನಿಯವರು ಇಲ್ಲವೇ ಅವರ ವಕೀಲರು ನೋಡಿಕೊಳ್ಳುತ್ತಾರೆ. ಆದರೆ ಬಂದ ದಿನವೇ ಅವರಿಗೆ ಮೇಲ್ ಹಾಕಿ "ಬಂದಿದ್ದೇನೆ, ಇಂಥ ತಾರೀಖು" ಅಂತ ಬರವಣಿಗೆಯಲ್ಲಿ ತಿಳಿಸಿಬಿಡಿ. ನಾಳೆ ತಡವಾದರೆ ಯಾರ ಕಡೆಯಿಂದ ತಡ ಅನ್ನುವುದಕ್ಕೆ ನಿಮ್ಮ ಹತ್ತಿರ ಅದೊಂದು ಇರುತ್ತದೆ. ಕುಟುಂಬ ಸೇರಿಕೊಳ್ಳುವ ವೀಸಾದಲ್ಲಿ ಹೆಂಡತಿ ಮಕ್ಕಳು ಬಂದಾಗಲೂ ಮೊದಲು ಆ ಸ್ಪೊರ್ತೆಲ್ಲೊ ಊನಿಕೊ ಕಡೆ ವಿಚಾರಿಸಿ.

ಹೊಸಬ ತೊರಿನೊ:
ಪೋ ನದಿ ಅಣ್ಣ, ಮನೆಯವರ ಕಾಗದದ ಬಗ್ಗೆ ಹೇಳುತ್ತೇನೆ ಅಂದಿದ್ದಿರಿ. ನಾನು ಸದ್ಯಕ್ಕೆ ಸೀನಿಯರ್ ಒಬ್ಬರ ರೂಮಿನಲ್ಲಿದ್ದೇನೆ, ಅಗ್ರಿಮೆಂಟ್ ಅವರ ಹೆಸರಿನಲ್ಲಿದೆ.

ಪೋ ನದಿ:
ಹೌದು, ಮರೆತಿಲ್ಲ. ಅದು ದಿಕಿಯಾರಾತ್ಸಿಯೋನೆ ದಿ ಓಸ್ಪಿತಾಲಿತಾ. ಯುರೋಪಿಯನ್ ಯೂನಿಯನ್ ಹೊರಗಿನವರನ್ನು ಯಾರೇ ಮನೆಯಲ್ಲಿ ಇಟ್ಟುಕೊಂಡರೂ, ಬಾಡಿಗೆಗೆ ಇರಲಿ ಪುಕ್ಕಟೆ ಇರಲಿ, 48 ಗಂಟೆಯೊಳಗೆ ಪೊಲೀಸರಿಗೆ ಬರೆದು ತಿಳಿಸಬೇಕು. ಅಣ್ಣತಮ್ಮಂದಿರೇ ಆದರೂ ಅಷ್ಟೇ. ದೊಡ್ಡ ಊರಾದರೆ ಕ್ವೆಸ್ತೂರ ಅಥವಾ ಏರಿಯಾದ ಕೊಮಿಸ್ಸರಿಯಾತೊ (ಪೊಲೀಸ್ ಠಾಣೆ), ಪೊಲೀಸ್ ಕಚೇರಿಯೇ ಇಲ್ಲದ ಸಣ್ಣ ಊರಾದರೆ ಕೊಮೂನೆ (ಊರಿನ ಪುರಸಭೆ). ಮಾಡದಿದ್ದರೆ ಕಾನೂನಿನ ಪ್ರಕಾರ 160ರಿಂದ 1,100 ಯೂರೋವರೆಗೆ ದಂಡ. ದಂಡ ಬೀಳುವುದು ಇಟ್ಟುಕೊಂಡವರಿಗೆ, ಇದ್ದವರಿಗಲ್ಲ.

ಹಾಗಂತ ನಮಗೇನು ಅಂತ ಬಿಡಬೇಡಿ. ಕ್ವೆಸ್ತೂರದಲ್ಲಿ "ಎಲ್ಲಿ ಇದ್ದೀಯ" ಅಂದಾಗ ತೋರಿಸಲು ನಿಮಗೇ ಬೇಕಾಗುವ ಕಾಗದ ಇದು. ನಿಮ್ಮ ಸೀನಿಯರ್ ಹತ್ತಿರ ಇವತ್ತೇ ಕೂತು ಮಾತಾಡಿ. ಅಗ್ರಿಮೆಂಟ್ ಅವರ ಹೆಸರಲ್ಲಿದೆ, ಓನರ್‌ಗೆ ನೀವು ಇರುವುದು ಗೊತ್ತಿದೆಯಾ? ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ನಮ್ಮ ಹುಡುಗರಲ್ಲಿ ಅರ್ಧ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ನಾಲ್ಕು ಜನರ ಮನೆಯಲ್ಲಿ ಏಳು ಜನ ಇರುತ್ತಾರೆ, ಓನರ್ ಕಾಗದ ಕೊಡಲು ಒಪ್ಪುವುದಿಲ್ಲ, ಕೊನೆಗೆ ಯಾರದ್ದೋ ವಿಳಾಸ ಬರೆದು ಕಳಿಸುತ್ತಾರೆ. ಪೊಲೀಸರಿಗೆ ಕೊಡುವ ಅರ್ಜಿಯಲ್ಲಿ ಇಲ್ಲದ ಮನೆಯ ವಿಳಾಸ ಬರೆಯುವುದು ಒಳ್ಳೆಯ ಆರಂಭ ಅಲ್ಲ. ಇರುವುದನ್ನು ಇರುವ ಹಾಗೆ ಬರೆಯಿರಿ. ಆಮೇಲೆ ಬೇರೆ ರೂಮಿಗೆ ಹೋದರೆ 15 ದಿನದೊಳಗೆ ಕ್ವೆಸ್ತೂರಕ್ಕೆ ಹೊಸ ವಿಳಾಸ ತಿಳಿಸಿದರೆ ಆಯಿತು, ಅದಕ್ಕೆ ಕಾನೂನಿನಲ್ಲೇ ಅವಕಾಶ ಇದೆ.

ಅಮ್ಮ ಬರುತ್ತಾರೆ:
ವಿಷಯ ಸ್ವಲ್ಪ ಆಚೆ ಹೋಗುತ್ತಿದ್ದರೆ ಕ್ಷಮಿಸಿ. ನಮ್ಮ ತಂದೆ ತಾಯಿ ಟೂರಿಸ್ಟ್ ವೀಸಾದಲ್ಲಿ ಒಂದೂವರೆ ತಿಂಗಳಿಗೆ ನಮ್ಮ ಮನೆಗೆ ಬರುತ್ತಿದ್ದಾರೆ, ಮ್ಯೂನಿಕ್ ಮೂಲಕ. ಅವರಿಗೂ ಈ ಕಿಟ್ ಬೇಕಾ? ಅಪ್ಪನಿಗೆ ಮಂಡಿ ನೋವು, ಕ್ಯೂನಲ್ಲಿ ನಿಲ್ಲಿಸಲು ಆಗುವುದಿಲ್ಲ.

ಮಿಲಾನ್ ಐಟಿ:
ಬೇಡ ಅಕ್ಕ. 3 ತಿಂಗಳೊಳಗಿನ ಭೇಟಿಗೆ ಪೆರ್ಮೆಸ್ಸೊ ಇಲ್ಲ, 2007ರ ಕಾನೂನಿನಿಂದ ಅದನ್ನು ತೆಗೆದಿದ್ದಾರೆ. ಅದರ ಬದಲು "ಬಂದಿದ್ದೇವೆ" ಅಂತ ಒಂದು ಘೋಷಣೆ ಸಾಕು, ದಿಕಿಯಾರಾತ್ಸಿಯೋನೆ ದಿ ಪ್ರೆಸೆಂತ್ಸ. ಷೆಂಗೆನ್ (ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪು) ಹೊರಗಿಂದ ನೇರ ಇಟಲಿಗೆ ಬಂದಿಳಿದರೆ ಗಡಿಯಲ್ಲೇ ಆ ಲೆಕ್ಕ ಮುಗಿಯುತ್ತದೆ. ಮ್ಯೂನಿಕ್ ಮೂಲಕ ಬಂದರೆ ಇಟಲಿ ಗಡಿಯಲ್ಲಿ ಯಾರೂ ನೋಡುವುದಿಲ್ಲ, ಹಾಗಾಗಿ 8 ದಿನದೊಳಗೆ ಕ್ವೆಸ್ತೂರಕ್ಕೆ ತಿಳಿಸಬೇಕು. ಹೋಟೆಲಿನಲ್ಲಿ ಉಳಿದರೆ ಹೋಟೆಲಿನವರು ಪೊಲೀಸರ ಪೋರ್ಟಲ್‌ಗೆ ಹೆಸರು ಕಳಿಸುತ್ತಾರೆ, ಅದೇ ಸಾಕಾಗುತ್ತದೆ. ಮನೆಯಲ್ಲಿ ಉಳಿದರೆ ಆ ಘೋಷಣೆ ಅವರ ಹೆಸರಿನಲ್ಲಿ, ಮೇಲೆ ಹೇಳಿದ ಓಸ್ಪಿತಾಲಿತಾ ಕಾಗದ ನಿಮ್ಮ ಹೆಸರಿನಲ್ಲಿ, ಎರಡೂ. ನಿಮ್ಮ ಕ್ವೆಸ್ತೂರದವರು ಮೇಲ್‌ನಲ್ಲಿ ತಗೊಳ್ಳುತ್ತಾರಾ ಅಂತ ಅವರ ವೆಬ್‌ಸೈಟಿನಲ್ಲಿ ಮೊದಲು ನೋಡಿ, ಒಪ್ಪಿದರೆ ಅಪ್ಪನ ಮಂಡಿಗೆ ಕಷ್ಟ ಇಲ್ಲ.

ಟಿಕೆಟ್ ಇನ್ನೂ ಬುಕ್ ಮಾಡಿಲ್ಲ ಅಂದರೆ ದುಬೈ ಅಥವಾ ದೋಹಾ ಮೂಲಕ ಮಾಡಿ. ವಯಸ್ಸಾದವರಿಗೆ ಅದೇ ಸುಲಭ, ಇದೂ ತಪ್ಪುತ್ತದೆ.

ಅಮ್ಮ ಬರುತ್ತಾರೆ:
ಬುಕ್ ಆಗಿಹೋಗಿದೆ. ಇರಲಿ, ಮೇಲ್ ಕಳಿಸಿ ನೋಡುತ್ತೇನೆ. ತುಂಬಾ ಉಪಕಾರ ಆಯಿತು.

ಪಾದೊವ ಪಿಎಚ್‌ಡಿ:
ಹೊಸಬರಿಗೆ ಇನ್ನೊಂದು. ಫಾರಂ ತುಂಬಿಸಲು ಏಜೆಂಟ್ ಹಿಡಿಯಬೇಡಿ. ರೈಲ್ವೆ ಸ್ಟೇಷನ್ ಆಸುಪಾಸಿನ ಫೋನ್ ಅಂಗಡಿಗಳಲ್ಲಿ "ಪೆರ್ಮೆಸ್ಸೊ ಮಾಡಿಕೊಡುತ್ತೇವೆ" ಅಂತ ಕೂತಿರುತ್ತಾರೆ, ಎಷ್ಟು ಕೇಳುತ್ತಾರೋ ಅವರ ಬಾಯಿಗೆ ಬಂದಷ್ಟು. ಪತ್ರೊನಾತೊ ಅಂತ ಇದೆ, ಕಾರ್ಮಿಕ ಸಂಘಗಳು ಮತ್ತು ಸಂಸ್ಥೆಗಳು ನಡೆಸುವ ಸಹಾಯ ಕಚೇರಿಗಳು. ಇಂಕಾ, ಇನಾಸ್, ಆಕ್ಲಿ, ಯಾವುದಾದರೂ ಆಗುತ್ತದೆ. ಅವರೇ ಕಂಪ್ಯೂಟರಿನಲ್ಲಿ ತುಂಬಿಸಿ ಪ್ರಿಂಟ್ ತೆಗೆದು ಕೊಡುತ್ತಾರೆ. ಕೈಬರಹದ ತಲೆನೋವೇ ಇಲ್ಲ. ಅಪಾಯಿಂಟ್‌ಮೆಂಟ್ ತಗೊಂಡು ಹೋಗಿ. ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸಿನಲ್ಲೂ ಕೇಳಿ, ಸೆಮಿಸ್ಟರ್ ಶುರುವಿನಲ್ಲಿ ಹಲವು ಕಡೆ ಇದಕ್ಕಾಗಿಯೇ ಸಹಾಯಕ್ಕೆ ಜನ ಕೂರಿಸಿರುತ್ತಾರೆ.

ಇನ್ಶೂರೆನ್ಸ್ ಬಗ್ಗೆಯೂ ಹೇಳಿಬಿಡುತ್ತೇನೆ. ಸರ್ಕಾರಿ ಆರೋಗ್ಯ ಸೇವೆಗೆ ವಿದ್ಯಾರ್ಥಿಗಳು ಸೇರುವ ಶುಲ್ಕ ಮುಂಚೆ ವರ್ಷಕ್ಕೆ 149.77 ಯೂರೋ ಇತ್ತು. 2024ರಿಂದ 700 ಮಾಡಿದ್ದಾರೆ. ಹಳೇ ಬ್ಲಾಗ್ ಓದಿಕೊಂಡು "150 ಕಟ್ಟಿದರೆ ಆಯಿತು" ಅಂತ ಬರುವವರು ಈಗಲೂ ಇದ್ದಾರೆ. ಅದೂ ಜನವರಿಯಿಂದ ಡಿಸೆಂಬರ್ ಲೆಕ್ಕ, ನೀವು ಸೆಪ್ಟೆಂಬರಿನಲ್ಲಿ ಬಂದು ಕಟ್ಟಿದರೆ ಆ ವರ್ಷದ ಕೊನೆಗೇ ಮುಗಿಯುತ್ತದೆ. ಹಾಗಾಗಿ ಮೊದಲ ಅರ್ಜಿಗೆ ತುಂಬಾ ಜನ ಪ್ರೈವೇಟ್ ಪಾಲಿಸಿ ಹಾಕುತ್ತಾರೆ. ಪಾಲಿಸಿಯ ಅವಧಿ ನೀವು ಕೇಳುತ್ತಿರುವ ಪರವಾನಗಿಯ ಅವಧಿಯಷ್ಟೂ ಇರಲಿ, ಅದನ್ನೊಂದು ನೋಡಿಕೊಳ್ಳಿ.

ಹೊಸಬ ತೊರಿನೊ:
ಅಪ್‌ಡೇಟ್. ಇವತ್ತು ಅಂಚೆ ಕಚೇರಿ ಕೆಲಸ ಮುಗಿಯಿತು. ಪತ್ರೊನಾತೊದಲ್ಲಿ ಫಾರಂ ತುಂಬಿಸಿಕೊಟ್ಟರು, ಒಂದು ಪೈಸೆ ತಗೊಳ್ಳಲಿಲ್ಲ. ಓನರ್ ಹತ್ತಿರ ಸೀನಿಯರ್ ಮಾತಾಡಿದ್ದಾರೆ, ಮುಖ ಸಿಂಡರಿಸಿಕೊಂಡರೂ ಓಸ್ಪಿತಾಲಿತಾ ಕಾಗದ ಕೊಟ್ಟರು. ಕೌಂಟರಿನಲ್ಲಿದ್ದ ಹೆಂಗಸು ನನ್ನ ಜೆರಾಕ್ಸ್ ಕಟ್ಟನ್ನೆಲ್ಲ ಒಂದೊಂದೇ ತಿರುಗಿಸಿ, ಮಾರ್ಕ ದ ಬೊಲ್ಲೊ ಅಂಟಿಸಿದ್ದು ನೋಡಿ, ಪಾಸ್‌ಪೋರ್ಟ್ ಫೋಟೋನೂ ನನ್ನ ಮುಖಾನೂ ಎರಡು ಸಲ ನೋಡಿದರು. ಗಡ್ಡ ಬಿಟ್ಟಿದ್ದೇನೆ, ಅದಕ್ಕಿರಬೇಕು. ಒಂದು ರಸೀದಿ, ಜೊತೆಗೆ ಕ್ವೆಸ್ತೂರಕ್ಕೆ ಹೋಗುವ ದಿನ, ಗಂಟೆ ಬರೆದ ಚೀಟಿ ಕೊಟ್ಟಿದ್ದಾರೆ. ರಸೀದಿಯಲ್ಲಿ ಯೂಸರ್ ಐಡಿ, ಪಾಸ್‌ವರ್ಡ್ ಬೇರೆ ಇದೆ. ಇದನ್ನು ಇಟ್ಟುಕೊಂಡು ಏನು ಮಾಡಬೇಕು?

ಕರಾವಳಿ ಹುಡುಗಿ:
ಅದನ್ನು ಜೋಪಾನ ಮಾಡಿ, ಕಾರ್ಡ್ ಬರುವ ತನಕ ಅದೇ ನಿಮ್ಮ ಕಾರ್ಡ್. ಲ್ಯಾಮಿನೇಷನ್ ಮಾಡಿಸಲು ಹೋಗಬೇಡಿ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಪಾಸ್‌ಪೋರ್ಟ್ ಜೊತೆ ಇಡಿ. ಫೋಟೋ ತೆಗೆದು ಮೊಬೈಲ್‌ನಲ್ಲೂ ಇಡಿ, ಮೇಲ್‌ಗೂ ಕಳಿಸಿಕೊಳ್ಳಿ. ಆ ಯೂಸರ್ ಐಡಿ ಪೋರ್ತಾಲೆ ಇಮ್ಮಿಗ್ರಾತ್ಸಿಯೋನೆ ಅನ್ನುವ ವೆಬ್‌ಸೈಟಿಗೆ, ಅರ್ಜಿ ಎಲ್ಲಿಗೆ ಬಂತು ಅಂತ ನೋಡಲು. ದಿನಾ ನೋಡಿದರೆ ಬಿಪಿ ಜಾಸ್ತಿ ಆಗುವುದು ಬಿಟ್ಟರೆ ಏನೂ ಆಗುವುದಿಲ್ಲ. ಬ್ಯಾಂಕಿಗೂ ಇದೇ ರಸೀದಿ ತೋರಿಸಿ. ಕೆಲವು ಬ್ಯಾಂಕಿನವರು ಕಾರ್ಡೇ ಬೇಕು ಅನ್ನುತ್ತಾರೆ, ಅಲ್ಲಿ ಜಗಳ ಮಾಡುವ ಬದಲು ಪಕ್ಕದ ಬ್ಯಾಂಕಿಗೆ ಹೋಗಿ.

ಪೋ ನದಿ:
ಕ್ವೆಸ್ತೂರದ ದಿನ ಹೇಗಿರುತ್ತದೆ ಅಂತ ಹೇಳುತ್ತೇನೆ, ಅಲ್ಲಿಗೆ ಹೋದಾಗ ಗಾಬರಿ ಆಗಬಾರದು.

ಚೀಟಿಯಲ್ಲಿ 10.12 ಅಂತ ಬರೆದಿರಬಹುದು. ಅದೇ ನಿಮಿಷಕ್ಕೆ ಕರೆಯುತ್ತಾರೆ ಅಂತಲ್ಲ, ಹಾಗಂತ ತಡವಾಗಿ ಹೋಗಬಹುದು ಅಂತಲೂ ಅಲ್ಲ. ಹೊರಗೆ ಗುಂಪು ಇರುತ್ತದೆ. ಬಾಗಿಲಲ್ಲಿ ಒಬ್ಬ ಪೊಲೀಸ್ ಚೀಟಿ ನೋಡಿ ಒಳಗೆ ಬಿಡುತ್ತಾನೆ. ಒಳಗೆ ಗಾಜಿನ ಹಿಂದೆ ಕೌಂಟರ್‌ಗಳು. 4 ಪಾಸ್‌ಪೋರ್ಟ್ ಸೈಜ್ ಫೋಟೋ, ಒರಿಜಿನಲ್ ಪಾಸ್‌ಪೋರ್ಟ್, ರಸೀದಿ, ಆ ಚೀಟಿ, ಅಂಚೆಯಲ್ಲಿ ಕಳಿಸಿದ ಎಲ್ಲದರ ಒರಿಜಿನಲ್, ಇನ್ನೊಂದು ಸೆಟ್ ಜೆರಾಕ್ಸ್. ಅಂಚೆಯಲ್ಲಿ ಕೊಟ್ಟಾಗಿದೆಯಲ್ಲ ಅಂತ ಬರಿಗೈಯಲ್ಲಿ ಹೋಗಬೇಡಿ. ಅಲ್ಲಿ ಏನಾದರೂ ಒಂದು ಕಾಗದ ಕಡಿಮೆ ಬಿದ್ದರೆ ಇನ್ನೊಂದು ದಿನ ಕೊಡುತ್ತಾರೆ, ಆ ಇನ್ನೊಂದು ದಿನ ಯಾವಾಗ ಅನ್ನುವುದೇ ಕಷ್ಟ.

ಬೆರಳಚ್ಚು ಮಷಿನ್‌ನಲ್ಲಿ. ಶಾಯಿ ಗೀಯಿ ಏನಿಲ್ಲ. ಅವರೇ ನಿಮ್ಮ ಬೆರಳು ಹಿಡಿದು ಗಾಜಿನ ಮೇಲೆ ಒತ್ತಿ ಉರುಳಿಸುತ್ತಾರೆ. ನೀವು ಒತ್ತಬೇಡಿ, ಕೈ ಸಡಿಲ ಬಿಟ್ಟುಬಿಡಿ. ಗಟ್ಟಿ ಹಿಡಿದರೆ ಅಚ್ಚು ಸರಿ ಬರುವುದಿಲ್ಲ, ಅವರು "ರಿಲಸ್ಸಾತೊ, ರಿಲಸ್ಸಾತೊ" ಅಂತ ಗೊಣಗುತ್ತಾರೆ. ಇಟಾಲಿಯನ್ ಬರುವ ಗೆಳೆಯ ಇದ್ದರೆ ಕರೆದುಕೊಂಡು ಹೋಗಿ, ಕೆಲವು ಕಡೆ ಒಳಗೆ ಬಿಡುತ್ತಾರೆ. ಬಿಡದಿದ್ದರೂ "ಇಂಜೆನ್ಯೆರಿಯ", "ಯೂನಿವೆರ್ಸಿತಾ", ನಿಮ್ಮ ಬೀದಿಯ ಹೆಸರು, ಇಷ್ಟು ಬಂದರೆ ಸಾಕು.

ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಅವಧಿಯ ಪರವಾನಗಿ ಮೊದಲ ಸಲ ಕೇಳುವವರಿಗೆ ಅಕ್ಕೋರ್ದೊ ದಿ ಇಂತೆಗ್ರಾತ್ಸಿಯೋನೆ ಅನ್ನುವ ಒಪ್ಪಂದಕ್ಕೆ ಸಹಿ ಹಾಕಿಸಬಹುದು. 2012ರ ಮಾರ್ಚ್‌ನಿಂದ ಇದೆ. ಸಹಿ ಹಾಕಿದಾಗ 16 ಪಾಯಿಂಟ್ ಕೊಡುತ್ತಾರೆ, 2 ವರ್ಷದಲ್ಲಿ 30 ಮುಟ್ಟಬೇಕು, ಭಾಷೆ ಕಲಿತರೆ ಓದಿದರೆ ಪಾಯಿಂಟ್ ಏರುತ್ತವೆ. ಓದುವವರು ಇದಕ್ಕೆ ಹೆದರಬೇಕಿಲ್ಲ.

ಸುಮ್ನೆ ಓದುಗ:
ಒಂದು ವಾದ ನಾನು ಬಿಡುವುದಿಲ್ಲ. 8 ದಿನ ದಾಟಿದರೆ ಏನೂ ಆಗುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಎಷ್ಟೋ ಜನ 15 ದಿನ ಆದ ಮೇಲೆ ಹಾಕಿದ್ದಾರೆ, ಕಾರ್ಡ್ ಬಂದಿದೆ. ಸುಮ್ನೆ ಹೊಸಬರನ್ನು ಓಡಿಸುತ್ತೀರಿ.

ಪೋ ನದಿ:
ಬಂದಿರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ಅವರ ದೊಡ್ಡ ಮನಸ್ಸು, ನಿಮ್ಮ ಹಕ್ಕಲ್ಲ. ಕಾನೂನಿನಲ್ಲಿ ಗಡುವಿನೊಳಗೆ ಕೇಳದವರನ್ನು ಹೊರಹಾಕಲು ಅವಕಾಶ ಇದೆ, ತಡೆಯಲಾಗದ ಕಾರಣ ಇದ್ದರೆ ಮಾತ್ರ ವಿನಾಯಿತಿ. ತಡವಾಗಿಹೋಗಿದ್ದರೆ ಹೆದರಿ ಮನೆಯಲ್ಲಿ ಕೂರಬೇಡಿ, ಇವತ್ತೇ ಹೋಗಿ ಹಾಕಿ, ಕಾರಣಕ್ಕೆ ಕಾಗದ ಇದ್ದರೆ ಜೊತೆಗಿಡಿ. ತಡವಾಗದವರಿಗೆ ತಡ ಮಾಡಿ ಅಂತ ಸಲಹೆ ಕೊಡುವುದು ಮಾತ್ರ ನನಗೆ ಆಗದ ಕೆಲಸ.

ನವೀಕರಣಕ್ಕೂ ಇದೇ ಮಾತು. ಮುಗಿಯುವ 60 ದಿನ ಮುಂಚೆ ಹಾಕಬೇಕು ಅಂತಿದೆ. ಮುಗಿದ ಮೇಲೆ 60 ದಿನ ದಾಟಿಯೂ ಕೇಳದಿದ್ದರೆ ಆಗ ನಿಜವಾಗಿಯೂ ತಾಪತ್ರಯ. ಮೊಬೈಲ್‌ನಲ್ಲಿ ಈಗಲೇ ರಿಮೈಂಡರ್ ಇಡಿ.

ಹೊಸಬ ತೊರಿನೊ:
ಇನ್ನೊಂದೇ ಪ್ರಶ್ನೆ. ಅಕ್ಕನ ಮದುವೆ ಇದೆ, ಊರಿಗೆ ಹೋಗಲೇಬೇಕು. ಕಾರ್ಡ್ ಅಷ್ಟರಲ್ಲಿ ಬರುವ ಹಾಗೆ ಕಾಣುವುದಿಲ್ಲ. ರಸೀದಿ ಇಟ್ಟುಕೊಂಡು ಹೋಗಿ ಬರಬಹುದಾ? ಫ್ರಾಂಕ್‌ಫರ್ಟ್ ಟಿಕೆಟ್ ಕಡಿಮೆಗೆ ಸಿಗುತ್ತಿದೆ.

ಮಿಲಾನ್ ಐಟಿ:
ನಿಮ್ಮ ವೀಸಾ ಎಲ್ಲಿಯವರೆಗೆ ಇದೆ ಅನ್ನುವುದರ ಮೇಲೆ ನಿಂತಿದೆ. ಡಿ ವೀಸಾ ವಾಪಸ್ ಬರುವ ದಿನದವರೆಗೂ ಜೀವಂತ ಇದ್ದರೆ ಫ್ರಾಂಕ್‌ಫರ್ಟ್ ಮೂಲಕ ಹೋಗಿ ಬನ್ನಿ, ಅದು ವೀಸಾದ ಬಲದ ಮೇಲೆ. ವೀಸಾ ಮುಗಿದು ಬರೀ ರಸೀದಿ ಇದ್ದರೆ ಬೇರೆ ಷೆಂಗೆನ್ ದೇಶದ ಮೂಲಕ ಹೋಗುವ ಹಾಗೇ ಇಲ್ಲ. ಆ ರಸೀದಿಯನ್ನು ಇಟಲಿ ಒಪ್ಪುತ್ತದೆ, ಜರ್ಮನಿ ಒಪ್ಪಬೇಕಿಲ್ಲ. ಆಗ ಇಟಲಿಯಿಂದ ಹೊರಟು ದುಬೈ, ದೋಹಾ ಥರದ ಕಡೆ ವಿಮಾನ ಬದಲಾಯಿಸಿ, ಬರುವಾಗಲೂ ಹಾಗೇ ನೇರ ಇಟಲಿಗೇ ಇಳಿಯಬೇಕು. ಪಾಸ್‌ಪೋರ್ಟ್, ಹಳೇ ವೀಸಾ, ಒರಿಜಿನಲ್ ರಸೀದಿ ಮೂರೂ ಹ್ಯಾಂಡ್ ಬ್ಯಾಗಿನಲ್ಲಿ. ಬೆಂಗಳೂರಿನಲ್ಲಿ ಚೆಕ್-ಇನ್ ಮಾಡುವವರಿಗೆ ಈ ರಸೀದಿ ಏನು ಅಂತ ಗೊತ್ತಿರದೇ ಇರಬಹುದು, ಬೇಗ ಹೋಗಿ.

ಹೊಸಬ ತೊರಿನೊ:
ಈಗಲೇ ನೋಡಿದೆ, ವೀಸಾ ಮುಂದಿನ ವರ್ಷದ ಆಗಸ್ಟ್‌ವರೆಗೆ ಇದೆ. ಹಾಗಾದರೆ ಫ್ರಾಂಕ್‌ಫರ್ಟ್ ಬುಕ್ ಮಾಡುತ್ತಿದ್ದೇನೆ.

ಕರಾವಳಿ ಹುಡುಗಿ:
ಮಾಡಿ. ಆದರೆ ಕ್ವೆಸ್ತೂರ ಚೀಟಿಯಲ್ಲಿರುವ ದಿನ ಮದುವೆ ರಜೆಯ ಮಧ್ಯೆ ಬೀಳುತ್ತದಾ ಅಂತ ಮೊದಲು ನೋಡಿ ಮಾರಾಯ್ರೆ, ಆಮೇಲೆ ದುಡ್ಡು ಕಟ್ಟಿ.